ಬುಡಾಪೆಸ್ಟಿನ ಮೆಣಸಿನಕಾಯಿ ಸರ

ಬುಡಾಪೆಸ್ಟಿನ ಮಾರುಕಟ್ಟೆಯಲ್ಲಿ ಒಣಮೆಣಸಿನಕಾಯಿಯ ಸರಗಳನ್ನು ಕಂಡದ್ದೇ ತಡ, ನನ್ನ ಹೆಂಡತಿ ಒಂದು ಕಾಯಿ ಕಿತ್ತು, ಮುರಿದು, ಅಂಗೈಗೆ ತಿಕ್ಕಿಯೇಬಿಟ್ಟಳು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯ ಮಗಳು ಅವಳು. ಬಣ್ಣ ನೋಡದೆ ಕೊಂಡು ಗೊತ್ತಿಲ್ಲ. ಅಂಗಡಿಯ ಮುದುಕಿ ತನ್ನ ಭಾಷೆಯಲ್ಲಿ ಕೂಗಾಡತೊಡಗಿದಳು. ನಾಲ್ಕು ಜನ ತಿರುಗಿ ನೋಡಿದರು. ನಾನು ನಾಚಿಕೆಯಿಂದ ಹೆಂಡತಿಯ ಸೆರಗು ಎಳೆದೆ.

"ತಡೀರಿ," ಎಂದು ಅವಳು ಮುದುಕಿಯ ಮುಂದೆ ಅಂಗೈ ಚಾಚಿದಳು. "ನೋಡಬೇ ಯವ್ವಾ, ಬಣ್ಣನ ಇಲ್ಲ ಇದಕ್ಕ."

ಮುದುಕಿ ಅಂಗೈ ನೋಡಿದಳು. ಕೂಗಾಟ ನಿಂತಿತು. ಒಳಗಿನಿಂದ ಬೇರೊಂದು ಸರ ತಂದು, ತಾನೇ ಒಂದು ಕಾಯಿ ಮುರಿದು ಅದೇ ಅಂಗೈಗೆ ತಿಕ್ಕಿದಳು. ಅಂಗೈ ಕೆಂಪಾಯಿತು.

ಹೆಂಡತಿಯ ಮುಖ ಅರಳಿತು. "ಥೇಟ್ ನಮ್ಮಪ್ಪನ ಹಾಂಗ ರೀ! ಛಲೋ ಮಾಲು ಒಳಗ ಇಟ್ಟಾಳ."