ಕಲ್ಲೂರು ಮೀನಿನ ಬಡಿತ

ನನಗೆ ಕಿವಿ ಕೇಳುವುದಿಲ್ಲ ಎಂದು ಮಗಳು ಹೇಳುತ್ತಾಳೆ. ಅದು ಅರ್ಧ ಸುಳ್ಳು. ಟಿವಿ ಕೇಳುವುದಿಲ್ಲ, ಬಾಗಿಲ ಗಂಟೆ ಕೇಳುವುದಿಲ್ಲ, ಅಳಿಯ ಮೆಲ್ಲಗೆ ಮಾತಾಡಿದರೆ ಕೇಳುವುದಿಲ್ಲ. ಅದರಿಂದ ನಷ್ಟವೇನೂ ಇಲ್ಲ. ಆದರೆ ಒಂದು ಸದ್ದು ಕೇಳುತ್ತದೆ. ಅದರ ವಿಷಯ ಬರೆಯುತ್ತೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಒತ್ತು, ದೀರ್ಘ ತಪ್ಪಿದ್ದರೆ ಓದುವವರು ಸರಿ ಮಾಡಿಕೊಳ್ಳಲಿ.

ನಾವಿರುವುದು ಅಮೆರಿಕದ ಹಿಕ್ಸ್‌ವಿಲ್‌ನಲ್ಲಿ, ಸ್ಟೇಷನ್ನಿಗೆ ಹತ್ತಿರ. ಅಳಿಯ ಬೆಳಿಗ್ಗೆ ಟ್ರೈನು ಹತ್ತಿದರೆ ಕತ್ತಲಾದ ಮೇಲೆಯೇ ಬರುವುದು. ಮಗಳು ಕೆಲವು ದಿನ ಯೂನಿವರ್ಸಿಟಿಗೆ ಡ್ರೈವ್ ಮಾಡುತ್ತಾಳೆ, ಉಳಿದ ದಿನ ಬೇಸ್‌ಮೆಂಟಿನಲ್ಲಿ ಕುಳಿತು ಮೀನಿನ ಕೆಲಸ ಮಾಡುತ್ತಾಳೆ. ನಾನೂ ಮೀನಿನ ಕೆಲಸ ಮಾಡಿದವಳೇ, ಬುಟ್ಟಿ ಹೊತ್ತು ಮನೆಮನೆಗೆ ಮಾರಿ ಇವಳನ್ನು ಓದಿಸಿದೆ. ಇವಳ ಕೆಲಸಕ್ಕೆ ನಾತವಿಲ್ಲ. ಮೆಡಿಟರೇನಿಯನ್ ಎಂಬ ಸಮುದ್ರದ ತಳದಲ್ಲಿ ಬದುಕುವ ಮೀನು ಎಷ್ಟು ಉಳಿದಿದೆ, ಎಷ್ಟು ಹಿಡಿದರೆ ಮುಂದಕ್ಕೂ ಇರುತ್ತದೆ ಎಂದು ಹೇಳುವುದು ಅವಳ ಕೆಲಸ.

"ಇಲ್ಲೇ ಪಕ್ಕದಲ್ಲಿ ಒಂದು ಸಮುದ್ರ ಉಂಟಲ್ಲ. ಅದನ್ನು ಬಿಟ್ಟು ಅಲ್ಲಿಯದ್ದು ನಿನಗೆ ಎಂತಕ್ಕೆ?" ಎಂದು ಒಮ್ಮೆ ಕೇಳಿದ್ದೆ.

"ಅಲ್ಲಿ ಖಾಲಿ ಆಗ್ತಾ ಉಂಟು ಅಮ್ಮಾ."

"ಎಲ್ಲಿ ಆಗ್ತಾ ಇಲ್ಲ?"

ಅವಳು ಕಂಪ್ಯೂಟರಿನ ಕಡೆ ತಿರುಗಿದಳು.

ಆ ಸಮುದ್ರದಲ್ಲಿ ಒಂದು ಕಡೆ, ಬಂಡೆ ತುಂಬಿದ ಒಂದು ಜಾಗಕ್ಕೆ ಕೆಲವು ವರ್ಷಗಳಿಂದ ಬಲೆ ಹಾಕಬಾರದೆಂದು ಕಟ್ಟು ಮಾಡಿದ್ದಾರೆ. ಹೋದ ಮೀನು ಮರಳಿ ಬರಲಿ ಎಂದು. ಬಂದದ್ದು ತಿಳಿದರೆ ಕಟ್ಟು ಮುಂದುವರಿಯುತ್ತದೆ. ಬರದಿದ್ದರೆ ಅಲ್ಲಿಯ ಮೀನುಗಾರರು, ನಮ್ಮ ಜಾಗ ನಮಗೆ ಬಿಡಿ ಎನ್ನುತ್ತಾರೆ. ಅವರ ಹೊಟ್ಟೆಯ ಮಾತು ಅದು, ತಪ್ಪೇನಿಲ್ಲ. ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಅಲ್ಲಿಯವರು ತಳಕ್ಕೆ ಒಂದು ಯಂತ್ರ ಇಳಿಸಿ ನೀರಿನೊಳಗಿನ ಸದ್ದನ್ನು ಹಿಡಿದು ಇವಳಿಗೆ ಕಳಿಸುತ್ತಾರೆ. ಏಕೆಂದರೆ ಅಲ್ಲಿಯ ಒಂದು ಮೀನು ಕೂಗುತ್ತದೆ. ಹೊಟ್ಟೆಯೊಳಗಿನ ಗಾಳಿಚೀಲವನ್ನು ಬಡಿದು ಕೂಗುವ ಮೀನು. ನಮ್ಮ ಕಡೆಯ ಕಲ್ಲೂರು ಮೀನಿನ ಜಾತಿಯದ್ದೇ.

ಒಂದು ದಿನ ಚಾ ಕೊಡಲು ಕೆಳಗೆ ಹೋದಾಗ ಮಗಳು ತಲೆಯ ಮೇಲಿದ್ದ ಹೆಡ್‌ಫೋನು ತೆಗೆದು ನನ್ನ ಕಿವಿಗೆ ಹಾಕಿದಳು. "ಹಡಗಿನ ಸದ್ದು ಅಮ್ಮಾ, ಬರೀ ಹಡಗಿನ ಸದ್ದು. ಅದರ ಅಡಿಯಲ್ಲಿ ಮೀನು ಉಂಟಾ ಇಲ್ವಾ ಅಂತ ಕಂಪ್ಯೂಟರಿಗೂ ತಿಳೀತಿಲ್ಲ."

ನಾನು ಕೇಳಿದೆ. ಮೊದಲು ಗುರ್ರೆನ್ನುವ ಸದ್ದು. ಆಮೇಲೆ ಅದರ ಕೆಳಗಿನಿಂದ ಟುಕ್ ಟುಕ್ ಟುಕ್ ಎಂದು ಬಂತು. ನನ್ನ ಕೈಯಲ್ಲಿದ್ದ ಲೋಟ ಅಲುಗಿ ಚಾ ಚೆಲ್ಲಿತು.

"ಉಂಟು," ಎಂದೆ.

ಅಪ್ಪನೂ ಅದನ್ನೇ ಹೇಳುತ್ತಿದ್ದ.

ಅಪ್ಪ ಅಳಿವೆಯಲ್ಲಿ, ಹೊಳೆ ಸಮುದ್ರ ಸೇರುವ ಜಾಗದಲ್ಲಿ, ದೋಣಿ ನಿಲ್ಲಿಸಿ ಹುಟ್ಟನ್ನು ನೀರಿಗೆ ಇಳಿಸುತ್ತಿದ್ದ. ಹುಟ್ಟಿನ ಮೇಲಿನ ತುದಿಗೆ ಕಿವಿ ಹಚ್ಚಿ ಕಣ್ಣು ಮುಚ್ಚುತ್ತಿದ್ದ. ದೋಣಿಯಲ್ಲಿ ಯಾರೂ ಕೆಮ್ಮುವ ಹಾಗಿಲ್ಲ. ಕಲ್ಲೂರು ಹಿಂಡು ಅಡಿಯಲ್ಲಿ ಬಡಿಯುತ್ತಿದ್ದರೆ ಮರದಲ್ಲಿ ಏರಿ ಬರುತ್ತದೆ. ಅಪ್ಪ ಬೆರಳೆತ್ತುತ್ತಿದ್ದ. ಬಲೆ ಬೀಳುತ್ತಿತ್ತು. ಹೆಣ್ಣುಮಕ್ಕಳನ್ನು ಸಮುದ್ರಕ್ಕೆ ಕರೆದುಕೊಂಡು ಹೋಗುತ್ತಿರಲಿಲ್ಲ. ಆದರೆ ಅಳಿವೆ ಅಂಗಳದ ಹಾಗೆ. ಒಂದು ಮಧ್ಯಾಹ್ನ ನನ್ನನ್ನೂ ಕೂರಿಸಿಕೊಂಡು ನನ್ನ ಕಿವಿಯನ್ನು ಹುಟ್ಟಿಗೆ ಒತ್ತಿ ಹಿಡಿದ. ಮರ ಒದ್ದೆಯಾಗಿತ್ತು. ಟುಕ್ ಟುಕ್ ಟುಕ್. ಸ್ವಲ್ಪ ತಡೆದು ಮತ್ತೆ ಟುಕ್ ಟುಕ್. ಯಾರೋ ಕೆಳಗಿನಿಂದ ಬಾಗಿಲು ಬಡಿದ ಹಾಗೆ. ಹೆದರಿ ಅತ್ತೆ. ಅಪ್ಪ ನಕ್ಕ.

ಆಮೇಲೆ ಟ್ರಾಲ್ ಬೋಟುಗಳು ಬಂದವು. ತಳವನ್ನೇ ಗುಡಿಸಿಕೊಂಡು ಹೋಗುವ ಬಲೆ ಅವುಗಳದ್ದು. ಕಲ್ಲೂರು ಕಡಿಮೆಯಾಯಿತು, ಮತ್ತೆ ಇಲ್ಲವೇ ಆಯಿತು. ಅಪ್ಪ ಮಾತ್ರ ಹುಟ್ಟು ಇಳಿಸುವುದು, ಬೆರಳೆತ್ತುವುದು ಬಿಡಲಿಲ್ಲ. "ಉಂಟು, ಹಾಕಿ," ಎನ್ನುತ್ತಿದ್ದ. ಬಲೆಯಲ್ಲಿ ಕೆಸರು ಬರುತ್ತಿತ್ತು, ಏಡಿ ಬರುತ್ತಿತ್ತು. ಜೊತೆಯವರು ಮೊದಮೊದಲು ನಕ್ಕರು. "ನಿಮ್ಮ ಮೀನು ನಿಮಗೆ ಮಾತ್ರ ಕೇಳ್ತದೆ ಮಾರಾಯ್ರೇ, ಬಲೆಗೂ ಸ್ವಲ್ಪ ಹೇಳಿ," ಎಂದರು. ಆಮೇಲೆ ಅಪ್ಪನ ದೋಣಿಗೆ ಯಾರೂ ಹತ್ತಲಿಲ್ಲ. ಒಬ್ಬನೇ ಹೋಗಿ ಅಳಿವೆಯಲ್ಲಿ ದೋಣಿ ನಿಲ್ಲಿಸಿ, ಹುಟ್ಟಿಗೆ ಕಿವಿ ಕೊಟ್ಟು ಬಿಸಿಲು ಇಳಿಯುವವರೆಗೂ ಕೂರುತ್ತಿದ್ದ. ದಡದಿಂದ ಮಕ್ಕಳು ಕೋಲಿಗೆ ಕಿವಿ ಹಚ್ಚಿ ಅಣಕಿಸುತ್ತಿದ್ದರು. ಅವನನ್ನು ಸಮುದ್ರ ನುಂಗಲಿಲ್ಲ. ಹೊಟ್ಟೆನೋವು ಬಂದು ಚಾಪೆಯ ಮೇಲೆ ಸತ್ತ. ಸಾಯುವವರೆಗೂ ಊರಿನವರಿಗೆ ಬಲೆ ಹಾಕಲು ಬರುವುದಿಲ್ಲ ಎಂದೇ ಸಿಟ್ಟು ಅವನಿಗೆ. ನಾನೂ ಅವನ ಕಡೆಯೇ ಇದ್ದೆ. ಮೀನು ಅಲ್ಲೇ ಇದೆ, ಹಾಕುವವರಿಗೆ ಬರುವುದಿಲ್ಲ ಎಂದುಕೊಂಡಿದ್ದೆ.

ಇಷ್ಟು ವರ್ಷದ ಮೇಲೆ, ಅಮೆರಿಕದ ಬೇಸ್‌ಮೆಂಟಿನಲ್ಲಿ, ಯಾರದ್ದೋ ಸಮುದ್ರದೊಳಗಿನಿಂದ ಅದೇ ಬಡಿತ ಬಂದರೆ ಚಾ ಚೆಲ್ಲದೆ ಇರುತ್ತದೆಯೇ?

ಆ ಚಳಿಗಾಲವಿಡೀ ಮಗಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಕಂಪ್ಯೂಟರ್ ಸೋತ ಸದ್ದಿನ ತುಂಡುಗಳನ್ನೆಲ್ಲ ನನಗೆ ಕೇಳಿಸುವುದು. ಕೇಳಿದರೆ ನಾನು ಬೆರಳೆತ್ತುವುದು, ಅವಳು ಗುರುತು ಹಾಕುವುದು. ತನಗೂ ಕೇಳುತ್ತದೆಯೇ ಎಂದು ಅವಳು ಆಮೇಲೆ ಹಾಕಿ ನೋಡುತ್ತಿದ್ದಳು. ಒಮ್ಮೊಮ್ಮೆ, "ಹೌದು ಅಂತ ಅನಿಸ್ತದೆ," ಎನ್ನುತ್ತಿದ್ದಳು. ಅನಿಸುವುದು ಬೇರೆ, ಕೇಳುವುದು ಬೇರೆ. ಆದರೆ ಅವಳ ಮುಖ ನೋಡಿ ನಾನು ಸುಮ್ಮನಿದ್ದೆ. ಆ ಜಾಗ ತೆರೆಯಬೇಕೋ ಬೇಡವೋ ಎಂದು ತೀರ್ಮಾನಿಸುವ ಮೀಟಿಂಗ್ ಹತ್ತಿರ ಬರುತ್ತಿತ್ತು. ಅಲ್ಲಿಯ ಜೊತೆಗಾರರಿಗೆ ಅವಳು ಆಗಲೇ ಫೋನಿನಲ್ಲಿ ಹೇಳಿಬಿಟ್ಟಿದ್ದಳು, ಮೀನು ಬಂದ ಹಾಗೆ ಕಾಣುತ್ತದೆ, ಜಾಗ ತೆರೆಯಬೇಡಿ ಎಂದು. ಅವಳು ಅಷ್ಟು ಜೋರಾಗಿ ನಗುವುದನ್ನು ನಾನು ಅವಳ ಮದುವೆಯಲ್ಲೂ ನೋಡಿರಲಿಲ್ಲ.

ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು ಆ ನಡುವೆಯೇ. ಅದು ಟಿವಿ ಜೋರಾಗಿ ಇಡುವ ಜಗಳದಿಂದ ಮೊದಲೇ ಗೊತ್ತುಮಾಡಿದ ಅಪಾಯಿಂಟ್‌ಮೆಂಟು. ಕಪಾಟಿನಷ್ಟು ಚಿಕ್ಕ ಕೋಣೆ, ಗೋಡೆಗೆಲ್ಲ ದಪ್ಪ ಮೆತ್ತೆ, ಒಂದು ಗಾಜಿನ ಕಿಟಕಿ. ಅಲ್ಲಿಯೂ ಹೆಡ್‌ಫೋನು. ಕೈಗೆ ಒಂದು ಬಟನ್ ಕೊಟ್ಟರು.

"ಸದ್ದು ಬಂದ ಕೂಡಲೇ ಒತ್ತು. ಸುಮ್ಮಸುಮ್ಮನೆ ಒತ್ತಬೇಡ," ಎಂದು ಮಗಳು ಹೇಳಿ ಕಿಟಕಿಯ ಆಚೆ ಹೋದಳು. ಬಾಗಿಲು ಮುಚ್ಚಿತು.

ಅಷ್ಟು ನಿಶ್ಶಬ್ದ ನಾನು ಎಲ್ಲಿಯೂ ಕಂಡಿಲ್ಲ. ನನ್ನ ಎಂಜಲು ನುಂಗಿದ್ದೇ ದೊಡ್ಡದಾಗಿ ಕೇಳಿತು. ಆಮೇಲೆ ಬಂತು. ಟುಕ್ ಟುಕ್ ಟುಕ್. ಒತ್ತಿದೆ. ಮತ್ತೆ ಬಂತು, ಮತ್ತೆ ಒತ್ತಿದೆ. ಈ ಊರಿನವರು ಕಿವಿ ಪರೀಕ್ಷೆಗೂ ಮೀನನ್ನೇ ಇಟ್ಟಿದ್ದಾರಲ್ಲ ಎಂದು ಆಶ್ಚರ್ಯವಾಯಿತು. ಅಷ್ಟರಲ್ಲಿ ಪರೀಕ್ಷೆ ಮಾಡುತ್ತಿದ್ದ ಹೆಂಗಸು ಬಾಗಿಲು ತೆರೆದು, ನನ್ನನ್ನು ನೋಡಿ, ಮಗಳ ಹತ್ತಿರ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಮಗಳು ಒಳಗೆ ಬಂದು ನನ್ನ ಕೈಯಿಂದ ಬಟನ್ ತೆಗೆದುಕೊಂಡಳು.

"ಎಂತ ಹೇಳ್ತಾಳೆ?"

"ಅವಳು ಇನ್ನೂ ಸದ್ದೇ ಕೊಟ್ಟಿರಲಿಲ್ಲ ಅಮ್ಮಾ. ನೀನು ಒತ್ತುತ್ತಲೇ ಇದ್ದಿ."

ಕಿವಿ ಮಂದವಾದರೆ ಹೀಗಾಗುವುದುಂಟಂತೆ. ಹೊರಗಿನಿಂದ ಬರದ ಸದ್ದನ್ನು ತಲೆಯೇ ಮಾಡಿಕೊಳ್ಳುತ್ತದಂತೆ. ಕೆಲವರಿಗೆ ಜೀರುಂಡೆ, ಕೆಲವರಿಗೆ ಗಂಟೆ. ಔಷಧಿ ಇಲ್ಲ, ಕಿವಿಗೆ ಯಂತ್ರ ಹಾಕಿದರೆ ಸ್ವಲ್ಪ ತಗ್ಗಬಹುದು ಎಂದು ಆ ಹೆಂಗಸು ಹೇಳಿದ್ದನ್ನು ಮಗಳು ತಿಳಿಸಿದಳು.

ಬರುವಾಗ ಬೆಲ್‌ರೋಸಿನಲ್ಲಿ ನಿಲ್ಲಿಸಿ ನಮ್ಮ ದೇಶದವರ ಅಂಗಡಿಗೆ ಹೋದೆವು. ಐಸಿನ ಪೆಟ್ಟಿಗೆಯಲ್ಲಿ ಕಲ್ಲೂರು ಇತ್ತು, ಎಲ್ಲಿಯದ್ದೋ ಏನೋ. ಒಂದು ಪ್ಯಾಕೆಟ್ ತೆಗೆದುಕೊಂಡೆ. ಕಾರಿಗೆ ಬಂದು ಕುಳಿತ ಮೇಲೆ ಮಗಳು ಚಾವಿ ತಿರುಗಿಸಲಿಲ್ಲ.

"ಅಮ್ಮಾ, ನನ್ನ ಖುಷಿಗೆ ಅಂತ ಬೆರಳೆತ್ತಿದ್ಯಾ?"

"ನಿನ್ನ ಖುಷಿಗೆ ಅಂತ ನಾನು ಯಾವತ್ತು ಎಂತ ಮಾಡಿದ್ದೇನೆ?"

ಅವಳಿಗೆ ನಗು ಬಂತು. ಕಣ್ಣಿನಲ್ಲಿ ನೀರೂ ಬಂತು. "ಅದು ಹೇಗೆ ಕೇಳ್ತದೆ, ಬಡಿದು ತೋರಿಸು," ಎಂದಳು.

ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬೆರಳ ಗಂಟಿನಿಂದ ಬಡಿದೆ. ಮೂರು, ಸ್ವಲ್ಪ ತಡೆದು ಎರಡು. ಅವಳು ಕೇಳಿ, ಅಲ್ಲ ಎಂದು ತಲೆಯಾಡಿಸಿದಳು. ಸ್ಟಿಯರಿಂಗಿನ ಮೇಲೆ ತಾನು ಬಡಿದು ತೋರಿಸಿದಳು, ಬೇಗಬೇಗ, ನಡುವೆ ಬಿಡುವೇ ಇಲ್ಲ. "ಅಲ್ಲಿಯ ಮೀನು ಹೀಗೆ ಬಡಿಯೋದು. ನಿಂದು ಬೇರೆ."

"ನಂದು ಅಳಿವೆಯದ್ದು."

ಹೇಳಿದ ಮೇಲೆ, ನಾನು ಕೇಳುತ್ತಿದ್ದುದು ಯಾವ ಮೀನನ್ನು ಎಂದು ನನಗೇ ತಿಳಿಯಿತು. ಮಡಿಲಲ್ಲಿ ಮೀನಿನ ಐಸು ಕರಗುತ್ತಿತ್ತು. ಅಪ್ಪ ಹುಟ್ಟಿಗೆ ಕಿವಿ ಕೊಟ್ಟು ಕೂತದ್ದು ಕಣ್ಣೆದುರು ಬಂತು. ಅವನು ಸುಳ್ಳು ಹೇಳಿರಲಿಲ್ಲ. ಕಡೆಯವರೆಗೂ ಕೇಳಿದ್ದನ್ನೇ ಹೇಳಿದ್ದ.

ಮಗಳು ನನ್ನ ಕಡೆ ತಿರುಗಿ ಹೇಳಿದಳು, "ಆದರೂ ಹಡಗಿನ ಸದ್ದಿನ ಅಡಿಯಲ್ಲಿ ಮೀನು ಇಲ್ಲವೇ ಇಲ್ಲ ಅಂತ ಹೇಳ್ಲಿಕ್ಕೆ ಆಗೋದಿಲ್ಲ ಅಮ್ಮಾ."

"ನಿನ್ನ ಅಜ್ಜನೂ ಹಾಗೇ ಹೇಳ್ತಿದ್ದ."

"ನಿನ್ನ ಗುರುತು ತೆಗೆದರೆ ನನ್ನ ಕೈಯಲ್ಲಿ ಎಂತದೂ ಉಳಿಯೋದಿಲ್ಲ. ಆ ಜಾಗ ತೆರೀತಾರೆ."

"ತೆರೆಯಲಿ. ಇಲ್ಲದ ಮೀನನ್ನು ಉಂಟು ಅಂದರೆ ನಾಳೆ ಇರುವ ಮೀನನ್ನು ಉಂಟು ಅಂದಾಗ ಯಾರು ನಂಬ್ತಾರೆ? ಕಿತ್ತು ಹಾಕು."

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮನೆಗೆ ಬಂದವಳೇ ಕೆಳಗೆ ಹೋಗಿ ನನ್ನ ಗುರುತುಗಳನ್ನೆಲ್ಲ ತೆಗೆದಳು. ಆಮೇಲೆ ನನ್ನನ್ನು ಕೇಳಲು ಕರೆಯಲಿಲ್ಲ. ನಾನೂ ಹೋಗಲಿಲ್ಲ. ಕಿವಿಗೆ ಯಂತ್ರ ಬಂತು. ಅದನ್ನು ಹಾಕಿದರೆ ಪಾತ್ರೆಯ ಸದ್ದು, ಟ್ರೈನಿನ ಸದ್ದು ಎಲ್ಲ ಕಿವಿಗೆ ಬಡಿಯುತ್ತದೆ, ಮೀನು ಸ್ವಲ್ಪ ಹಿಂದೆ ಸರಿಯುತ್ತದೆ. ತೆಗೆದಿಟ್ಟರೆ ಮತ್ತೆ ಬರುತ್ತದೆ. ಈಗ ಹೆದರಿ ಅಳುವ ವಯಸ್ಸಲ್ಲ. ಆದರೂ ಬಡಿಯುವಾಗ ನಡುವೆ ಒಂದು ಬಿಡುವು ಉಂಟಲ್ಲ, ಅಲ್ಲಿ ಉಸಿರು ಹಿಡಿಯುತ್ತೇನೆ.

ಮೀಟಿಂಗ್ ಆದದ್ದು ಕಂಪ್ಯೂಟರಿನಲ್ಲಿಯೇ. ಇಲ್ಲಿ ಬೆಳಿಗ್ಗೆ, ಅವರಿಗೆ ಮಧ್ಯಾಹ್ನವಂತೆ. ಬಹಳ ಹೊತ್ತಿನ ಮೇಲೆ ಮಗಳು ಮೇಲೆ ಬಂದು ನಲ್ಲಿಯ ನೀರು ಕುಡಿದಳು.

"ಎಂತಾಯ್ತು?"

"ತೆರೀತಾರೆ."

"ಎಲ್ಲಾ?"

"ಎಲ್ಲಾ. ಬೇಸಿಗೆಗೆ ಮೊದಲು."

ಲೋಟ ತೊಳೆದಿಟ್ಟು ಮತ್ತೆ ಕೆಳಗೆ ಹೋದಳು. ನಾನು ಅನ್ನಕ್ಕೆ ಇಟ್ಟೆ. ಬೆಲ್‌ರೋಸಿನ ಕಲ್ಲೂರು ಇನ್ನೂ ಫ್ರೀಜರಿನಲ್ಲಿಯೇ ಇತ್ತು. ಅದನ್ನು ತೆಗೆದು ತಲೆಯನ್ನೂ ಹಾಕಿ ಸಾರು ಮಾಡಿದೆ. ಊಟಕ್ಕೆ ಕರೆದೆ. ಬರಲಿಲ್ಲ. ಮತ್ತೆ ಕರೆದೆ. ಕಿವುಡಿ ಎಂದು ನನ್ನನ್ನು ಹೇಳುವವಳು ಅವಳು.

ಮೆಟ್ಟಿಲು ಇಳಿದು ನೋಡಿದೆ. ಹೆಡ್‌ಫೋನು ಹಾಕಿಕೊಂಡು, ಕಣ್ಣು ಮುಚ್ಚಿ ಕುಳಿತಿದ್ದಳು. ಕಂಪ್ಯೂಟರಿನ ಪರದೆ ಕಪ್ಪಾಗಿತ್ತು. ಹೆಡ್‌ಫೋನಿನ ವೈರು ಎಲ್ಲಿಗೂ ಸಿಕ್ಕಿಸದೆ ನೆಲದ ಮೇಲೆ ಬಿದ್ದಿತ್ತು. ಕರೆಯಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮೇಜಿನ ಮೇಲಿದ್ದ ಅವಳ ಬೆರಳು ಮೆಲ್ಲಗೆ ಮೇಲೆದ್ದಿತು.

ನಾನು ಕೆಮ್ಮಲಿಲ್ಲ. ಸಾರು ಆರಿದರೆ ಆರಲಿ ಎಂದು ಮೆಟ್ಟಿಲ ಮೇಲೆಯೇ ಕುಳಿತೆ.