ಈ ಮೆಸೇಜ್ ನಿಮಗೆ ಯಾರು ಕಳಿಸಿದರು?

ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿ ಕಾಲೇಜಿನಲ್ಲಿ ಗಣಿತ ಕಲಿಸುವ ನಾನು, ವಾಟ್ಸಾಪಿನಲ್ಲಿ ಒಂದು ಸುದ್ದಿ ಊರಿಂದೂರಿಗೆ ಹೇಗೆ ಹಬ್ಬುತ್ತದೆ ಎಂಬುದನ್ನು ಸೂತ್ರದಲ್ಲಿ ಹಿಡಿಯಲು ಹೊರಟಿದ್ದೆ. ಅದು ನನ್ನ ಪಿಎಚ್.ಡಿ. ವಿಷಯ. ರಜೆಯಲ್ಲಿ ಸ್ಕೂಟಿ ಹತ್ತಿ ಮನೆಮನೆಗೆ ಹೋಗಿ, ಯಾವ ಮೆಸೇಜ್ ಯಾರಿಂದ ಬಂತು, ಯಾರಿಗೆ ಹೋಯಿತು ಎಂದು ಕೇಳಿ ಬರೆದುಕೊಳ್ಳುತ್ತಿದ್ದೆ.

ಒಂದು ದಿನ ಬೆಳಿಗ್ಗೆ ಹುನ್ನೂರಿನಲ್ಲಿ ಕೆಲಸ ಮುಗಿಸಿ, ಮಧ್ಯಾಹ್ನ ಬೀಳಗಿ ಕಡೆಯ ಒಂದು ಹಳ್ಳಿ ತಲುಪಿದೆ. ಸ್ಕೂಟಿ ನಿಲ್ಲಿಸುವಷ್ಟರಲ್ಲಿ ಏಳೆಂಟು ಜನ ಸುತ್ತುವರಿದರು. ಒಬ್ಬ ಕೀಲಿ ಕಿತ್ತುಕೊಂಡ. ಇನ್ನೊಬ್ಬ ಮೊಬೈಲನ್ನು ನನ್ನ ಮುಖದೆದುರು ಹಿಡಿದ. ಹುನ್ನೂರಿನ ಓಣಿಯಲ್ಲಿ ನಿಂತು ಬರೆದುಕೊಳ್ಳುತ್ತಿದ್ದ ನನ್ನದೇ ಫೋಟೊ! ಕೆಳಗೆ, 'ಮಕ್ಕಳ ಕಳ್ಳಿ ಬಂದಾಳ, ಹುಷಾರ್.'

ಕಾಲೇಜಿನ ಗುರುತಿನ ಚೀಟಿ ತೋರಿಸಿದೆ.

"ಇಂಥಾವ ಹತ್ತ ಸಿಗತಾವ ಬಿಡ," ಎಂದ ಕೀಲಿ ಹಿಡಿದವ.

ಬೇರೇನೂ ತೋಚದೆ, ದಿನವೂ ಕೇಳುವುದನ್ನೇ ಕೇಳಿದೆ. "ಇದನ್ನ ನಿಮಗ ಯಾರ ಕಳಿಸ್ಯಾರ್ರಿ?"

ಒಬ್ಬೊಬ್ಬರೂ ತಮ್ಮ ಮೊಬೈಲ್ ತೆಗೆದು ನೋಡಿದರು. ಎಲ್ಲರಿಗೂ ಕಳಿಸಿದವನು ಆ ಕೀಲಿಯವನೇ. ಅವನಿಗೆ ಕಳಿಸಿದ್ದು ಪಕ್ಕದ ಕಿರಾಣಿ ಅಂಗಡಿಯ ಮುದುಕ. "ನನಗ ನಮ್ಮ ತಂಗಿ ಹಾಕ್ಯಾಳ. ಹುನ್ನೂರಾಗ ಇರತಾಳ," ಎಂದ ಮುದುಕ.

"ಆಕಿಗೆ ಫೋನ್ ಹಚ್ಚರಿ ಯಜಮಾನ್ರ," ಎಂದು ಕೈಮುಗಿದೆ.

ಸ್ಪೀಕರಿನಲ್ಲಿ ಆಕೆಯ ದನಿ ಕೇಳಿತು. "ಅಯ್ಯ, ಕಳ್ಳಿ ಅಂತ ನಾ ಎಲ್ಲಿ ಬರದೇನಿ ಅಣ್ಣಾ? ಈಕಿ ಯಾರ, ಮಕ್ಕಳ ಕಳ್ಳಿ ಅಲ್ಲಲಾ ಅಂತ ಕೇಳೇನಿ. ಆಮ್ಯಾಗ ನಮ್ಮನಿಗೇ ಬಂದ್ಲು. ಚಾ ಕುಡದ ಹೋಗ್ಯಾಳ. ಟೀಚರ್ ಅದಾಳ ಪಾಪ!"

ಮುದುಕ ತನ್ನ ಮೊಬೈಲ್ ಎಲ್ಲರಿಗೂ ತೋರಿಸಿದ. ಅದರಲ್ಲಿದ್ದದ್ದು ಬರೀ ಪ್ರಶ್ನೆ. ಎಲ್ಲರ ಕಣ್ಣೂ ಕೀಲಿಯವನ ಮೇಲೆ ಬಿದ್ದವು.

"ನಾನ ಸಣ್ಣದ ಮಾಡಿ ಬರದ್ನಿ," ಎಂದು ಅವನು ತಲೆ ತಗ್ಗಿಸಿ ಕೀಲಿ ಕೊಟ್ಟ. "ತಪ್ಪಾತ್ರಿ ಅಕ್ಕಾರ."

ಅಂಗಡಿ ಕಟ್ಟೆಯ ಮೇಲೆ ಕುಸಿದು ಕೂತೆ. ಮುದುಕ ಕೊಟ್ಟ ನೀರು ಕುಡಿದು, ಅಳುತ್ತಲೇ ನಕ್ಕುಬಿಟ್ಟೆ. ಸುದ್ದಿ ಎಷ್ಟು ಜನರನ್ನು ಎಷ್ಟು ಬೇಗ ಮುಟ್ಟುತ್ತದೆ ಎಂದಷ್ಟೇ ನಾನು ಅಳೆಯುತ್ತಿದ್ದೆ. ನಡುವೆ ಅದು ಬದಲಾಗುವುದಕ್ಕೆ ನನ್ನ ಸೂತ್ರದಲ್ಲಿ ಜಾಗವೇ ಇರಲಿಲ್ಲ.

ಮುಂದಿನ ವಾರ ಹೆದರುತ್ತಲೇ ಅದೇ ಊರಿಗೆ ಹೋದೆ. ಅಂದು ಕೀಲಿ ಕಿತ್ತುಕೊಂಡಿದ್ದವನೇ ನನಗಿಂತ ಮುಂದೆ ನಡೆದು ಬಾಗಿಲು ಬಡಿಯುತ್ತ, "ನಮ್ಮ ಟೀಚರ್ ಬಂದಾರ, ಖರೆ ಖರೆ ಹೇಳ್ರಿ," ಎಂದು ಕೂಗುತ್ತಿದ್ದ. ಎದೆ ಹಗುರಾಯಿತು. ಸಂಜೆಯೊಳಗೆ ಇಡೀ ಓಣಿ ಮುಗಿದಿತ್ತು.