ಬರಿದೇ ಉರಿದ ವಾಲ್ವ್‌ಗಳು

ನನ್ನ ಗೆಳೆಯನ ಗಿಟಾರ್ ಆಂಪ್ಲಿಫೈಯರಿನ, ಹಳೇ ರೇಡಿಯೋಗಳಲ್ಲಿರುತ್ತಿದ್ದಂಥ ನಾಲ್ಕು ಗಾಜಿನ ವಾಲ್ವ್‌ಗಳು ಮೂವತ್ತು ವರ್ಷ ಕೆಂಪಗೆ ಉರಿದವು. ಉರಿಯುವುದೊಂದನ್ನು ಬಿಟ್ಟು ಅವು ಬೇರೇನೂ ಮಾಡುತ್ತಿರಲಿಲ್ಲ ಎಂಬುದು ನನಗೊಬ್ಬನಿಗೇ ಗೊತ್ತಿತ್ತು.

ಆತ ಮದುವೆಮನೆಗಳ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ರೇಡಿಯೋ ರಿಪೇರಿ ಕಲಿತು, ಜಯನಗರದಲ್ಲಿ ಸಣ್ಣ ಅಂಗಡಿ ಇಟ್ಟಿದ್ದೆ. ಗುಂಯ್ ಅನ್ನುತ್ತಿದೆ ಎಂದು ಆಂಪ್ಲಿಫೈಯರನ್ನು ಆಟೋದಲ್ಲಿ ಹೊತ್ತು ತಂದ. ಸಣ್ಣ ಕೆಲಸ. ಆದರೆ ಅಷ್ಟರಲ್ಲಿ ನನ್ನ ಕೈ ಟ್ರಾನ್ಸಿಸ್ಟರ್ ಸೆಟ್ಟುಗಳಿಗೆ ಒಗ್ಗಿಹೋಗಿತ್ತು. ಅವನ್ನು ಸ್ಪೀಕರ್ ಬಿಚ್ಚಿಟ್ಟು ಪರೀಕ್ಷಿಸಿದರೂ ಏನೂ ಆಗುವುದಿಲ್ಲ. ವಾಲ್ವಿನದನ್ನು ಹಾಗೆ ಮಾಡಬಾರದು; ಶಬ್ದಕ್ಕೆ ಹೊರಹೋಗುವ ದಾರಿಯಿಲ್ಲದೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಗೊತ್ತಿದ್ದೂ ಮರೆತು, ಸ್ಪೀಕರ್ ಇಲ್ಲದೆಯೇ ನಡೆಸಿದೆ. ವಾರ್ನಿಷ್ ಸುಟ್ಟ ವಾಸನೆ ಬಂದಮೇಲಷ್ಟೇ ಸ್ವಿಚ್ ಆರಿಸಿದೆ.

ಅಂಥ ಟ್ರಾನ್ಸ್‌ಫಾರ್ಮರ್ ಊರಲ್ಲೆಲ್ಲೂ ಸಿಗಲಿಲ್ಲ. ಸುಟ್ಟೆ ಎಂದು ಹೇಳಲು ಬಾಯಿ ಬರಲಿಲ್ಲ. ಒಳಗೆ ಒಂದು ಟ್ರಾನ್ಸಿಸ್ಟರ್ ಬೋರ್ಡು ಕೂರಿಸಿ, ಹಿಂದಿನ ಜಾಲರಿಯಿಂದ ಕಾಣಲೆಂದು ವಾಲ್ವ್‌ಗಳಿಗೆ ಬರೀ ಉರಿಯುವಷ್ಟು ಕರೆಂಟು ಕೊಟ್ಟೆ. ಬೋರ್ಡಿನ ಸದ್ದು ಸ್ವಿಚ್ ಹಾಕಿದ ಕೂಡಲೇ ಬರುತ್ತದೆ, ವಾಲ್ವಿನ ಸದ್ದು ಬರಬೇಕಾದರೆ ಮೊದಲು ವಾಲ್ವ್ ಬಿಸಿಯಾಗಬೇಕು. ಅಲ್ಲಿ ಸಿಕ್ಕಿಬೀಳಬಾರದಲ್ಲ?

"ಇನ್ಮೇಲೆ ಸ್ವಿಚ್ ಹಾಕಿ ಹತ್ತು ನಿಮಿಷ ಗಿಟಾರ್ ಮುಟ್ಬೇಡ ಕಣೋ. ವಾಲ್ವ್ ಹಾಳಾಗುತ್ತೆ. ಗುಂಯ್ ತೆಗ್ದಿದ್ದಕ್ಕೆ ಸದ್ದು ಕೊಂಚ ಬೇರೆ ಅನ್ಸುತ್ತೆ ಅಷ್ಟೇ," ಎಂದು ಹೇಳಿ ಕಳಿಸಿದೆ.

ಮೂವತ್ತು ವರ್ಷ ಆತ ಆ ಹತ್ತು ನಿಮಿಷ ಕಾದ. ಛತ್ರದಲ್ಲಿ ಉಳಿದವರೆಲ್ಲ ಸಿದ್ಧರಾಗಿದ್ದರೂ "ಇರ್ರೋ, ಬಿಸಿ ಆಗ್ಲಿ" ಎಂದು ಕಾಫಿ ಹೀರುತ್ತ ಕೂರುತ್ತಿದ್ದ. ಆಯುಧಪೂಜೆಗೆ ಅದಕ್ಕೆ ಕುಂಕುಮ ಹಚ್ಚಿ ಚೆಂಡುಹೂ ಇಡುತ್ತಿದ್ದ. ಇಷ್ಟು ವರ್ಷಕ್ಕೂ ಒಂದು ವಾಲ್ವ್ ಹೋಗಿಲ್ಲ, ಎಂಥಾ ಕೈ ಇವಂದು ಎಂದು ಕಂಡವರೆದುರಿಗೆಲ್ಲ ನನ್ನನ್ನು ಹೊಗಳುತ್ತಿದ್ದ. ನಾನು ತಲೆ ತಗ್ಗಿಸುತ್ತಿದ್ದೆ. ಅದನ್ನೂ ವಿನಯ ಅಂದುಕೊಂಡರು.

ಮೊನ್ನೆ ಭಾನುವಾರ ಬೆಳಿಗ್ಗೆ ಜರಗನಹಳ್ಳಿಯ ಅವನ ಮನೆಗೆ ಹೋದಾಗ, ಅವನ ಮಗಳು ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಸ್ಪೀಕರಿಗೆ ಜೋಡಿಸುತ್ತಿದ್ದಳು. ಅವಳೂ ಗಿಟಾರ್ ನುಡಿಸುತ್ತಾಳೆ.

"ಅಂಕಲ್, ಇದ್ರಲ್ಲಿ ವಾಲ್ವೇ ಇಲ್ಲ. ವಾಲ್ವ್ ಆಂಪ್ ಹೇಗೆ ನಡ್ಕೊಳ್ಳುತ್ತೋ ಅದನ್ನ ಲೆಕ್ಕ ಹಾಕಿ ಹಾಗೇ ಸೌಂಡ್ ಕೊಡುತ್ತೆ. ಇವತ್ತು ಅಪ್ಪಂದಕ್ಕೂ ಇದಕ್ಕೂ ಪಂದ್ಯ."

"ಡಬ್ಬಿ ಜತೆ ಏನೇ ಪಂದ್ಯ? ಮೊದ್ಲು ನಂದು ಬಿಸಿ ಆಗ್ಲಿ," ಎಂದ ಗೆಳೆಯ.

ಹತ್ತು ನಿಮಿಷ ಕಾದು ತನ್ನದರಲ್ಲಿ ನುಡಿಸಿದ. ಆಮೇಲೆ ಗಿಟಾರಿನ ವೈರನ್ನು ಪೆಟ್ಟಿಗೆಗೆ ಚುಚ್ಚಿದ. ಮೆಲ್ಲಗೆ ಮೀಟಿದಾಗ ಸ್ವರ ತಿಳಿಯಾಗಿ ನಿಂತಿತು. ಬಲವಾಗಿ ಮೀಟಿದಾಗ, ಅಳು ತಡೆದುಕೊಂಡು ಮಾತಾಡುವವರ ದನಿಯಂತೆ ಅಂಚಿನಲ್ಲಿ ಒಡೆಯಿತು. ನಾನು ಸುಟ್ಟುಹಾಕಿದ್ದು ಇದೇ ಸದ್ದನ್ನು. ಎದ್ದುಹೋಗಿ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟೆ. ಗಾಜಿಲ್ಲ, ಕೆಂಡದಂಥ ತಂತಿಯಿಲ್ಲ. ಬರೀ ಲೆಕ್ಕದಿಂದ ಬೆರಳಿನ ಸಿಟ್ಟನ್ನೂ ಸಂಕೋಚವನ್ನೂ ಬೇರೆಬೇರೆಯಾಗಿ ಅರಿಯುವ ವಸ್ತುವನ್ನು ಯಾರೋ ಮಾಡಿದ್ದಾರೆ! ನನ್ನ ಜೀವಮಾನದ ಕಸುಬೆಲ್ಲ ಅದರ ಮುಂದೆ ಕೈಮುಗಿದು ನಿಂತ ಹಾಗಾಯಿತು.

ಗೆಳೆಯ ಮತ್ತೆ ಅದರಲ್ಲಿ, ಮತ್ತೆ ಇದರಲ್ಲಿ ನುಡಿಸಿ ನೋಡಿದ. ಗಿಟಾರನ್ನು ಕುತ್ತಿಗೆಯಿಂದ ತೆಗೆದ.

"ನನ್ನ ಕಿವಿ ಹೋಗಿದೆ ಕಣಮ್ಮ. ಡಬ್ಬಿ ವಾಲ್ವ್ ಥರ ಕೇಳ್ಸುತ್ತೆ, ವಾಲ್ವು ಡಬ್ಬಿ ಥರ ಕೇಳ್ಸುತ್ತೆ. ಕಿವಿ ಇಲ್ದೋನು ಏನು ನುಡಿಸ್ತಾನೆ? ಇನ್ಮೇಲೆ ಈ ಗಿಟಾರನ್ನ ನೀನೇ ಇಟ್ಕೊ."

ಅವಳು ಗಾಬರಿಯಿಂದ ನನ್ನತ್ತ ನೋಡಿದಳು.

"ನಿನ್ನ ಕಿವಿ ಸರಿಯಾಗೇ ಇದೆ ಕಣೋ," ಎಂದೆ. ಆಂಪ್ಲಿಫೈಯರಿನ ಹಿಂದಿನ ಜಾಲರಿ ಬಿಚ್ಚಿ ಬೋರ್ಡು ತೋರಿಸಿದೆ. ವಾರ್ನಿಷ್ ವಾಸನೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ.

ಅವನು ವಾಲ್ವ್‌ಗಳನ್ನೇ ನೋಡುತ್ತಿದ್ದ.

"ಅಂದ್ರೆ ಇವು... ಬರೀ ಅಲಂಕಾರದ ದೀಪ, ಸೀರಿಯಲ್ ಸೆಟ್ಟು?"

"ಹೂಂ."

"ಸೀರಿಯಲ್ ಸೆಟ್ಟಿಗೇನೋ ನಾನು ಇಷ್ಟು ವರ್ಷ ಕುಂಕುಮ ಹಚ್ಚಿದ್ದು? ಕಳ್ಳ ನನ್ಮಗನೆ!"

ಮಗಳಿಗೆ ನಗು ಬಂತು. ಅಪ್ಪನ ಮುಖ ನೋಡಿ ನುಂಗಿಕೊಂಡಳು.

ಅವನು ಆಂಪ್ಲಿಫೈಯರ್ ಆರಿಸಿ, ವಾಲ್ವ್‌ಗಳು ಕಪ್ಪಾಗಿ ತಣ್ಣಗಾಗುವವರೆಗೆ ಕಾದ. ಗಿಟಾರ್ ಎತ್ತಿಕೊಂಡ. ಸ್ವಿಚ್ ಹಾಕಿದವನೇ, ನನ್ನ ಮುಖ ನೋಡುತ್ತ, ತಂತಿಗಳನ್ನು ಎಳೆದು ಹೊಡೆದ. ವಾಲ್ವ್‌ಗಳು ಇನ್ನೂ ಕೆಂಪಾಗಿರಲಿಲ್ಲ. ಸದ್ದು ಮನೆಯೆಲ್ಲ ತುಂಬಿತು.

ಆಮೇಲೆ ವೈರು ಕಿತ್ತು ಮಗಳ ಪೆಟ್ಟಿಗೆಗೆ ಚುಚ್ಚಿ, ನನಗೆ ಬೆನ್ನು ಮಾಡಿ ನುಡಿಸತೊಡಗಿದ. ಹೋಗು ಅನ್ನಲಿಲ್ಲ. ನಾನೂ ಏಳಲಿಲ್ಲ.